ಹಳೆಯ ಚಿತ್ರ ಮತ್ತು ಅದನ್ನು ಬರೆದ ಕೈ

ವಿಜಯಪುರ ಜಿಲ್ಲೆಯ ಮಠಗಳಲ್ಲಿ, ಹಳೆಯ ವಾಡೆಗಳ ಪಡಸಾಲೆಗಳಲ್ಲಿ, ಶತಮಾನದ ಅಂಚಿಗೆ ಬಂದ ಶಾಲೆಗಳ ಗೋಡೆಗಳ ಮೇಲೆ ಚೌಕಟ್ಟು ಹಾಕಿದ ಹಳೆಯ ಚಿತ್ರಗಳು ತೂಗಾಡುತ್ತಿರುವುದು ಸಾಮಾನ್ಯ ನೋಟವಾಗಿದೆ. ಲಿಂಗೈಕ್ಯರಾದ ಪೂಜ್ಯರೊಬ್ಬರ ಭಾವಚಿತ್ರ, ಊರ ಅಗಸಿಯ ದೃಶ್ಯ, ಗೋಳಗುಮ್ಮಟದ ಬಣ್ಣದ ಚಿತ್ರ, ಹೊಳೆದಂಡೆಯ ಗುಡಿಯ ನೋಟ, ಹೀಗೆ ಅವುಗಳ ವಸ್ತು ಬೇರೆ ಬೇರೆ. ಯಾರ ಚಿತ್ರವೆಂದು ಕೇಳಿದರೆ ಉತ್ತರ ದೊರೆಯುತ್ತದೆ. ಯಾರು ಬರೆದ ಚಿತ್ರವೆಂದು ಕೇಳಿದರೆ ಮಾತ್ರ ಮೌನ. ‘ಅದು ಮೊದಲಿನಿಂದಲೂ ಇಲ್ಲೇ ಇದೆ’ ಎಂಬುದಕ್ಕಿಂತ ಹೆಚ್ಚಿನ ಮಾಹಿತಿ ಬಹುಶಃ ಯಾರಿಂದಲೂ ಬರುವುದಿಲ್ಲ. ಆದರೆ ಬರೆದವನ ಹೆಸರು ಅಳಿದುಹೋಗಿದೆ ಎಂದು ಕೈಚೆಲ್ಲಿ ಕೂಡುವ ಕಾರಣವಿಲ್ಲ. ಚಿತ್ರದ ಮುಖದ ಮೇಲೆ ಕಾಣದ ಹೆಸರು ಅದರ ಬೆನ್ನಿನ ಮೇಲೆ, ಅದರ ಕಾಗದದಲ್ಲಿ, ಅದು ತೋರಿಸುವ ಸ್ಥಳದಲ್ಲಿ, ಊರ ಹಿರಿಯರ ನೆನಪಿನಲ್ಲಿ ಅಡಗಿರುವ ಸಂಭವ ಹೆಚ್ಚು. ಅದನ್ನು ಹುಡುಕುವ ಬಗೆ ಯಾವುದು, ಹುಡುಕುವಾಗ ವಹಿಸಬೇಕಾದ ಎಚ್ಚರವೇನು ಎಂಬುದನ್ನು ಈ ಸೀಮೆಯ ಉದಾಹರಣೆಗಳಿಂದಲೇ ತಿಳಿದುಕೊಳ್ಳಬಹುದು.

ಹೆಸರು ಏಕೆ ಉಳಿಯಲಿಲ್ಲ?

ಚಿತ್ರ ಬರೆಯುವುದನ್ನೇ ಜೀವನೋಪಾಯ ಮಾಡಿಕೊಂಡವರು ಒಂದು ವರ್ಗ. ಸುರಪುರದ ಸಂಸ್ಥಾನದ ಆಶ್ರಯದಲ್ಲಿ ಬೆಳೆದ ಗರುಡಾದ್ರಿ ಮನೆತನದಂಥವರು ಈ ವರ್ಗಕ್ಕೆ ಸೇರಿದವರು. ಇವರಿಗಿಂತ ಭಿನ್ನರಾದವರು ಹವ್ಯಾಸಿ ಚಿತ್ರಕಾರರು. ಇವರು ಶಿಕ್ಷಕರಾಗಿದ್ದರು, ಕಾರಕೂನರಾಗಿದ್ದರು, ಒಕ್ಕಲುತನದವರಾಗಿದ್ದರು, ಸೇನೆಯ ಅಧಿಕಾರಿಗಳೂ ಆಗಿದ್ದರು. ಚಿತ್ರವನ್ನು ಮಾರುವ ಉದ್ದೇಶ ಇವರಿಗೆ ಇರಲಿಲ್ಲವಾದ್ದರಿಂದ ಸಹಿ ಹಾಕುವ ಅಗತ್ಯವೂ ಕಾಣಲಿಲ್ಲ. ಮಠಕ್ಕೆ ಅರ್ಪಿಸಿದ ಚಿತ್ರದ ಮೇಲೆ ತನ್ನ ಹೆಸರು ಬರೆಯುವುದು ಅಹಂಕಾರವಾದೀತೆಂಬ ಸಂಕೋಚವೂ ಕೆಲವರಲ್ಲಿ ಇದ್ದಿರಬೇಕು.

೧೯೫೬ರವರೆಗೆ ಬಿಜಾಪುರ ಜಿಲ್ಲೆ ಮುಂಬಯಿ ಆಡಳಿತಕ್ಕೆ ಒಳಪಟ್ಟಿತ್ತು. ಮುಂಬಯಿಯಲ್ಲಿ ೧೮೫೭ರಲ್ಲಿ ಸ್ಥಾಪಿತವಾದ ಜೆ. ಜೆ. ಕಲಾಶಾಲೆಯ ಪ್ರಭಾವ ಈ ಭಾಗದ ಶಾಲೆಗಳ ಚಿತ್ರಕಲಾ ಶಿಕ್ಷಣದ ಮೇಲೂ ಬಿದ್ದಿತ್ತು. ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಎಂಬ ಡ್ರಾಯಿಂಗ್ ಪರೀಕ್ಷೆಗಳಿಗೆ ವಿದ್ಯಾರ್ಥಿಗಳು ಕೂಡುತ್ತಿದ್ದರು. ಮುಂದೆ ೧೯೩೫ರಲ್ಲಿ ಧಾರವಾಡದಲ್ಲಿ ಡಿ. ವಿ. ಹಾಲಭಾವಿಯವರು ಕಲಾಶಾಲೆಯನ್ನು ತೆರೆದರು, ಗದುಗಿನಲ್ಲಿ ಟಿ. ಪಿ. ಅಕ್ಕಿಯವರು ವಿಜಯ ಕಲಾಮಂದಿರವನ್ನು ಕಟ್ಟಿ ಬೆಳೆಸಿದರು. ಇಂಥ ಕಡೆಗಳಲ್ಲಿ ಕಲಿತು ಹಳ್ಳಿಗೆ ಮರಳಿದವರು, ಏನೂ ಕಲಿಯದೆ ಕೇವಲ ಆಸಕ್ತಿಯಿಂದ ಕುಂಚ ಹಿಡಿದವರು, ಊರ ಶಾಲೆಯ ಡ್ರಾಯಿಂಗ್ ಮಾಸ್ತರರು ಬರೆದ ಚಿತ್ರಗಳೇ ಇಂದು ನಮ್ಮ ಗೋಡೆಗಳ ಮೇಲೆ ಹೆಸರಿಲ್ಲದೆ ಉಳಿದಿರುವ ಚಿತ್ರಗಳಲ್ಲಿ ಗಣನೀಯ ಭಾಗವೆಂದು ಭಾವಿಸಬಹುದು.

ಸುರಪುರದ ಟೇಲರ್ ಸಾಹೇಬರು

ಸಿಂದಗಿ ತಾಲೂಕಿನ ಯಂಕಂಚಿ ಮತ್ತು ಅದರ ಸುತ್ತಲಿನ ಹಳ್ಳಿಗಳು ಕೃಷ್ಣಾ ಭೀಮಾ ನದಿಗಳ ನಡುವಣ ಸೀಮೆಗೆ ಸೇರಿವೆ. ಇವುಗಳ ಪಶ್ಚಿಮಕ್ಕೆ ಆದಿಲಶಾಹಿಗಳ ರಾಜಧಾನಿಯಾದ ವಿಜಯಪುರ. ಆಗ್ನೇಯಕ್ಕೆ ನಾಯಕ ಅರಸರ ಸುರಪುರ. ಈ ಎರಡೂ ಸ್ಥಳಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಹವ್ಯಾಸಿ ಚಿತ್ರಕಾರರನ್ನು ಸೆಳೆದಂಥವು. ಆ ಕಾಲದಲ್ಲಿ ಭಾರತಕ್ಕೆ ಬಂದ ಆಂಗ್ಲ ಅಧಿಕಾರಿಗಳಲ್ಲಿ ಅನೇಕರು ಚಿತ್ರ ಬರೆಯಬಲ್ಲವರಾಗಿದ್ದರು. ಛಾಯಾಚಿತ್ರ ಇನ್ನೂ ಬಳಕೆಗೆ ಬಾರದಿದ್ದ ಕಾಲದಲ್ಲಿ ಕೋಟೆ, ನದಿ, ದಾರಿಗಳ ಸ್ವರೂಪವನ್ನು ಗೆರೆಯಲ್ಲಿ ಹಿಡಿದಿಡುವುದು ಸೈನಿಕನ ವಿದ್ಯೆಗಳಲ್ಲಿ ಒಂದಾಗಿತ್ತು. ೧೮೦೯ರಲ್ಲಿ ಈಸ್ಟ್ ಇಂಡಿಯಾ ಕಂಪನಿ ತನ್ನ ಸೈನ್ಯಾಧಿಕಾರಿಗಳಿಗಾಗಿ ಇಂಗ್ಲಂಡಿನ ಆಡಿಸ್‌ಕೋಂಬ್‌ನಲ್ಲಿ ತೆರೆದ ಶಾಲೆಯಲ್ಲಿ ಚಿತ್ರಕಲೆಯೂ ಪಾಠದ ವಿಷಯವಾಗಿತ್ತು. ಇಂಥವರು ಬರೆದ ಚಿತ್ರಗಳ ಸಂಖ್ಯೆ ಎಷ್ಟು ದೊಡ್ಡದೆಂದರೆ, ಲಂಡನ್ನಿನ ಇಂಡಿಯಾ ಆಫೀಸ್ ಗ್ರಂಥಾಲಯದ ಸಂಗ್ರಹವನ್ನು ಕುರಿತು ಮಿಲ್ಡ್ರೆಡ್ ಆರ್ಚರ್ ಅವರು ೧೯೬೯ರಲ್ಲಿ ಎರಡು ಸಂಪುಟಗಳ ವಿವರಣಾತ್ಮಕ ಯಾದಿಯನ್ನು ಪ್ರಕಟಿಸಿದಾಗ ಮೊದಲನೆಯ ಸಂಪುಟವನ್ನು ಹವ್ಯಾಸಿಗಳಿಗೇ ಮೀಸಲಿಡಬೇಕಾಯಿತು.

ಈ ಸೀಮೆಗೆ ಸಂಬಂಧಿಸಿದಂತೆ ಇವರಲ್ಲಿ ಮುಖ್ಯರಾದವರು ಫಿಲಿಪ್ ಮೆಡೋಸ್ ಟೇಲರ್. ೧೮೦೮ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದ ಇವರು ೧೮೨೪ರಲ್ಲಿ, ಇನ್ನೂ ಬಾಲಕನಾಗಿದ್ದಾಗಲೇ, ಮುಂಬಯಿಗೆ ವ್ಯಾಪಾರದ ಕೆಲಸಕ್ಕೆಂದು ಬಂದಿಳಿದರು. ಅಲ್ಪ ಕಾಲದಲ್ಲಿಯೇ ಹೈದರಾಬಾದಿನ ನಿಜಾಮರ ಸೈನ್ಯದಲ್ಲಿ ಸೇವೆಗೆ ಸೇರಿದರು. ಆಡಿಸ್‌ಕೋಂಬ್‌ನಂಥ ಶಾಲೆಯ ಶಿಕ್ಷಣ ಇವರಿಗೆ ದೊರೆತಿರಲಿಲ್ಲ. ಆದರೂ ೧೮೩೭ರಲ್ಲಿ ಇವರ ದಖ್ಖನಿನ ಚಿತ್ರಗಳ ಸಂಪುಟ ಲಂಡನ್ನಿನಲ್ಲಿ ಪ್ರಕಟವಾಯಿತು. ಠಕ್ಕರನ್ನು ಕುರಿತ ಕಾದಂಬರಿಯಿಂದ ಅವರಿಗೆ ೧೮೩೯ರಲ್ಲಿ ಲೇಖಕರೆಂಬ ಕೀರ್ತಿ ಬಂದಿತು; ಚಿತ್ರಸಂಪುಟ ಅದಕ್ಕಿಂತ ಎರಡು ವರ್ಷ ಮೊದಲಿನದು.

ಟೇಲರ್ ಅವರು ೧೮೪೧ರಿಂದ ೧೮೫೩ರವರೆಗೆ ಸುರಪುರ ಸಂಸ್ಥಾನದ ಆಡಳಿತವನ್ನು ನೋಡಿಕೊಂಡರು. ಆಗ ರಾಜಾ ವೆಂಕಟಪ್ಪನಾಯಕರು ಇನ್ನೂ ಬಾಲಕರು. ಗುಡ್ಡದ ಮೇಲೆ ಅವರು ಕಟ್ಟಿಸಿಕೊಂಡ ಬಂಗಲೆ ಟೇಲರ್ ಮಂಜಿಲ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಇಂದು ಪಕ್ಷಿಧಾಮವಾಗಿರುವ ಬೋನ್ಹಾಳದ ಕೆರೆಯ ವಿಸ್ತರಣೆಯ ಕಾರ್ಯವನ್ನೂ ಅವರು ಕೈಗೊಂಡರು. ರಾಜನಕೋಳೂರು, ಹಗರಟಗಿ, ಜೇವರ್ಗಿ ಮೊದಲಾದ ಕಡೆಗಳಲ್ಲಿದ್ದ ಪ್ರಾಚೀನ ಬೃಹತ್ ಶಿಲಾಸಮಾಧಿಗಳನ್ನು ಅಳೆದು, ಕೆಲವನ್ನು ಅಗೆಯಿಸಿ, ಚಿತ್ರ ಬರೆದು ವಿದ್ವತ್ ಪತ್ರಿಕೆಗಳಲ್ಲಿ ಲೇಖನಗಳನ್ನು ಪ್ರಕಟಿಸಿದರು. ೧೮೭೬ರಲ್ಲಿ ಅವರು ತೀರಿಕೊಂಡರು. ಮರುವರ್ಷ ಅವರ ಆತ್ಮಕಥೆ ಹೊರಬಂದಿತು.

ಈಗ ಸುರಪುರದ ಗುಡ್ಡವನ್ನೋ ರಾಜನಕೋಳೂರಿನ ಶಿಲಾಕೋಣೆಯನ್ನೋ ತೋರಿಸುವ, ಸಹಿಯಿಲ್ಲದ ಒಂದು ಹಳೆಯ ಜಲವರ್ಣಚಿತ್ರ ಎಲ್ಲಿಯಾದರೂ ದೊರೆಯಿತೆಂದು ಭಾವಿಸೋಣ. ಅದರ ಕರ್ತೃವನ್ನು ಹುಡುಕುವವನಿಗೆ ಟೇಲರ್ ಅವರ ವಿಷಯದಲ್ಲಿ ಬೇಕಾದ ಸಾಮಗ್ರಿ ಎಲ್ಲವೂ ಇದೆ. ಅವರು ಯಾವ ವರ್ಷ ಎಲ್ಲಿದ್ದರೆಂಬುದು ಆತ್ಮಕಥೆಯಲ್ಲಿದೆ. ಸಮಾಧಿಗಳ ಅಳತೆ ಮತ್ತು ವರ್ಣನೆ ಲೇಖನಗಳಲ್ಲಿವೆ. ಹೋಲಿಸಿ ನೋಡಲು ಅವರವೇ ಆದ ಚಿತ್ರಗಳಿವೆ. ಚಿತ್ರದಲ್ಲಿನ ಕಲ್ಲುಗಳ ಜೋಡಣೆ ಲೇಖನದ ವರ್ಣನೆಗೆ ಹೊಂದಿದರೆ, ಕಾಗದ ಆ ಕಾಲದ್ದಾಗಿದ್ದರೆ, ಗೆರೆಯ ರೀತಿ ಹೋಲಿದರೆ ನಿರ್ಣಯಕ್ಕೆ ಬಲ ಬರುತ್ತದೆ. ಟೇಲರ್ ಅವರ ಹೆಸರು ಉಳಿದದ್ದು ಅವರ ಕೈ ಇತರರ ಕೈಗಿಂತ ಶ್ರೇಷ್ಠವಾಗಿತ್ತೆಂದಲ್ಲ. ಅವರ ಸುತ್ತ ಬರವಣಿಗೆ ಇತ್ತೆಂಬುದರಿಂದ.

ಬೆಂಗಳೂರಿನ ಉದಾಹರಣೆಯೂ ಇದನ್ನೇ ಹೇಳುತ್ತದೆ. ಟಿಪ್ಪುಸುಲ್ತಾನನ ಕಾಲದ ಬೆಂಗಳೂರು ಕೋಟೆ, ಅರಮನೆ, ಪೇಟೆಗಳನ್ನು ಚಿತ್ರಿಸಿದ ಜೇಮ್ಸ್ ಹಂಟರ್ ಸೇನೆಯ ಲೆಫ್ಟಿನೆಂಟರು. ಅವರು ೧೭೯೨ರಲ್ಲಿಯೇ ತೀರಿಕೊಂಡರು. ಲಂಡನ್ನಿನ ಪ್ರಕಾಶಕ ಎಡ್ವರ್ಡ್ ಓರ್ಮ್ ೧೮೦೪-೦೫ರ ಸುಮಾರಿಗೆ ಆ ಚಿತ್ರಗಳನ್ನು ಹೆಸರು ಸಹಿತ ಅಚ್ಚು ಹಾಕಿಸಿದ್ದರಿಂದ ಹಂಟರ್ ಉಳಿದರು. ಆ ಕಾಗದಗಳು ಯಾವುದೋ ಪೆಟ್ಟಿಗೆಯಲ್ಲಿಯೇ ಉಳಿದಿದ್ದರೆ ಅವೂ ಇಂದು ಅಜ್ಞಾತರ ಕೃತಿಗಳೆನಿಸುತ್ತಿದ್ದವು.

ಎರಡೇ ಮಾತಿನಲ್ಲಿ ಮುಗಿದವರು

೧೮೬೬ರಲ್ಲಿ ಲಂಡನ್ನಿನಲ್ಲಿ ಬಿಜಾಪುರದ ವಾಸ್ತುಶಿಲ್ಪವನ್ನು ಕುರಿತು ಒಂದು ಬೃಹತ್ ಗ್ರಂಥ ಪ್ರಕಟವಾಯಿತು. ಇತಿಹಾಸಭಾಗವನ್ನು ಬರೆದವರು ಇದೇ ಮೆಡೋಸ್ ಟೇಲರ್. ವಾಸ್ತುವಿನ ಟಿಪ್ಪಣಿಗಳನ್ನು ಬರೆದವರು ಜೇಮ್ಸ್ ಫರ್ಗ್ಯೂಸನ್. ಅದರ ಶೀರ್ಷಿಕೆಯ ಪುಟದಲ್ಲಿ ಚಿತ್ರಗಳ ಕರ್ತೃಗಳ ಉಲ್ಲೇಖವಿದೆ. ಕ್ಯಾಪ್ಟನ್ ಹಾರ್ಟ್, ಇಂಜಿನಿಯರ್ ಕಮಿಂಗ್ ಇವರ ಹೆಸರುಗಳಿವೆ. ಸ್ಥಳದಲ್ಲಿ ಛಾಯಾಚಿತ್ರ ತೆಗೆದ ಕರ್ನಲ್ ಬಿಗ್ಸ್ ಮತ್ತು ಮೇಜರ್ ಲಾಕ್ ಇವರ ಹೆಸರುಗಳೂ ಇವೆ. ಹಾರ್ಟ್ ಮತ್ತು ಕಮಿಂಗ್ ಅವರೊಡನೆ ಕುಳಿತು ಗುಮ್ಮಟ ಕಮಾನುಗಳ ನಕ್ಷೆ ಬರೆದ ನಮ್ಮ ನಾಡಿನವರಿಗೆ ದೊರೆತದ್ದು ‘ದೇಶೀ ನಕ್ಷೆಗಾರರು’ ಎಂಬರ್ಥದ ಎರಡೇ ಮಾತು.

ಆ ನಕ್ಷೆಗಾರರು ಎಷ್ಟು ಜನ, ಯಾವ ಊರಿನವರು, ಯಾರ ಮಕ್ಕಳು ಎಂಬ ಯಾವ ವಿವರವೂ ಆ ಪುಟದಲ್ಲಿಲ್ಲ. ಇಬ್ರಾಹಿಂ ರೋಜಾದ ಕುಸುರಿ ಕೆಲಸವನ್ನು, ಮಹಮ್ಮದ ಆದಿಲಶಹನ ಸಮಾಧಿಯಾದ ಗೋಳಗುಮ್ಮಟದ ಅಳತೆಯನ್ನು ಜಗತ್ತಿಗೆ ತಿಳಿಸಿದ ಗ್ರಂಥದಲ್ಲಿ ಅವರ ಪಾಲೂ ಇದೆ. ಹೆಸರು ಮಾತ್ರ ಇಲ್ಲ. ಅಧಿಕಾರಿಗೆ ಹುದ್ದೆ ಸಹಿತ ಹೆಸರು, ಸ್ಥಳೀಯನಿಗೆ ಸಮೂಹವಾಚಕ ಪದ, ಇದು ಆ ಕಾಲದ ರೂಢಿಯಾಗಿತ್ತು. ಪರಕೀಯರ ಈ ರೂಢಿಯನ್ನು ಟೀಕಿಸುವುದು ಸುಲಭ. ಆದರೆ ನಮ್ಮದೇ ಮಠ, ಶಾಲೆ, ಮನೆಗಳಲ್ಲಿ ತೂಗುತ್ತಿರುವ ಚಿತ್ರಗಳನ್ನು ಬರೆದವರ ವಿಷಯದಲ್ಲಿ ನಾವು ಆ ಎರಡು ಮಾತನ್ನೂ ಬರೆದಿಟ್ಟಿಲ್ಲವೆಂಬುದನ್ನು ಮರೆಯಬಾರದು.

ಶೋಧದ ಕ್ರಮ

ಮೊದಲು ತಿಳಿಯಬೇಕಾದದ್ದು, ಎದುರಿಗಿರುವುದು ಕೈಯಿಂದ ಬರೆದ ಚಿತ್ರವೋ ಅಚ್ಚಾದ ಚಿತ್ರವೋ ಎಂಬುದು. ರಾಜಾ ರವಿವರ್ಮರು ೧೮೯೪ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯವನ್ನು ಆರಂಭಿಸಿದ ಮೇಲೆ ಬಣ್ಣದ ಮುದ್ರಿತ ಚಿತ್ರಗಳು ಹಳ್ಳಿಹಳ್ಳಿಗೂ ತಲುಪಿದವು. ಭೂತಗನ್ನಡಿಯಲ್ಲಿ ನೋಡಿದಾಗ ಬಣ್ಣವು ಸಣ್ಣ ಸಣ್ಣ ಚುಕ್ಕೆಗಳಾಗಿ ಒಡೆದು ಕಂಡರೆ ಅದು ಮುದ್ರಣ. ಕುಂಚದ ಎಳೆ, ಬಣ್ಣದ ಉಬ್ಬು, ಸೀಸದ ಕಡ್ಡಿಯ ಗೆರೆ ಕಂಡರೆ ಕೈಬರಹ. ಛಾಯಾಚಿತ್ರದ ಮೇಲೆ ಬಣ್ಣ ಹಚ್ಚಿದ ಭಾವಚಿತ್ರಗಳೂ ಉಂಟು. ಬಣ್ಣದ ಅಡಿಯಲ್ಲಿ ಚೌಕಳಿ ಗೆರೆಗಳು ಕಂಡರೆ ಚಿತ್ರಕಾರನು ಯಾವುದೋ ಛಾಯಾಚಿತ್ರವನ್ನು ದೊಡ್ಡದಾಗಿ ನಕಲು ಮಾಡಿದ್ದಾನೆಂದು ಊಹಿಸಬಹುದು. ಆಗ ಮೂಲ ಛಾಯಾಚಿತ್ರವನ್ನೂ ಹುಡುಕಬೇಕು.

ಎರಡನೆಯದು ಚಿತ್ರದ ಬೆನ್ನು. ಹವ್ಯಾಸಿಯು ಮುಂದೆ ಸಹಿ ಹಾಕದಿದ್ದರೂ ಹಿಂದೆ ಒಂದು ಸಾಲು ಬರೆದಿರುವುದುಂಟು. ಬಣ್ಣದ ಅಂಗಡಿಯ ಮುದ್ರೆ, ಕಟ್ಟು ಹಾಕಿದವನ ಚೀಟಿ, ಬೆನ್ನಿಗೆ ಹಚ್ಚಿದ ಹಳೆಯ ವೃತ್ತಪತ್ರಿಕೆಯ ತುಂಡು, ಇವೆಲ್ಲವೂ ಸಾಕ್ಷಿಗಳೇ. ಈ ಸೀಮೆಯಲ್ಲಿ ಬರಹವು ಕನ್ನಡದಲ್ಲಿಯೇ ಇರಬೇಕೆಂಬ ನಿಯಮವಿಲ್ಲ. ಮುಂಬಯಿ ಆಡಳಿತದ ಭಾಗದಲ್ಲಿ ಮೋಡಿ ಲಿಪಿ ದಫ್ತರಗಳಲ್ಲಿ ಬಳಕೆಯಲ್ಲಿತ್ತು. ನಿಜಾಮರ ಭಾಗದಲ್ಲಿ ಉರ್ದು ಇತ್ತು. ಅರ್ಥವಾಗದ ಗೀಚೆಂದು ಬಿಟ್ಟದ್ದೇ ಚಿತ್ರಕಾರನ ಹೆಸರಾಗಿರಬಹುದು.

ತೇದಿಯನ್ನು ಓದುವಲ್ಲಿಯೂ ಎಚ್ಚರ ಬೇಕು. ಶಕ ವರ್ಷವಿದ್ದರೆ ಅದಕ್ಕೆ ೭೮ನ್ನು ಕೂಡಿಸಬೇಕು. ದಖ್ಖನಿನ ಫಸಲಿ ವರ್ಷವಿದ್ದರೆ ಸುಮಾರು ೫೯೦ನ್ನು ಕೂಡಿಸಬೇಕು. ಕೇವಲ ಸಂವತ್ಸರದ ಹೆಸರಿದ್ದರೆ ಅದು ಅರವತ್ತು ವರ್ಷಗಳಿಗೊಮ್ಮೆ ಮರಳುತ್ತದೆಂಬುದನ್ನು ನೆನಪಿಡಬೇಕು. ‘ಪ್ಲವಂಗ ಸಂವತ್ಸರ’ ಎಂದರೆ ೧೮೪೭-೪೮ ಆಗಬಹುದು, ೧೯೦೭-೦೮ ಆಗಬಹುದು, ೧೯೬೭-೬೮ ಕೂಡ ಆಗಬಹುದು. ಯಾವುದೆಂಬುದನ್ನು ಬೇರೆ ಸಾಕ್ಷಿ ಹೇಳಬೇಕು.

ಆ ಬೇರೆ ಸಾಕ್ಷಿ ಸಾಮಾನ್ಯವಾಗಿ ಕಾಗದ, ಬಣ್ಣ ಮತ್ತು ಚಿತ್ರಿತ ವಸ್ತುಗಳಿಂದ ಬರುತ್ತದೆ. ಬೆಳಕಿಗೆ ಹಿಡಿದಾಗ ವಾಟ್‌ಮನ್ ಮೊದಲಾದ ಆಂಗ್ಲ ಕಾಗದಗಳಲ್ಲಿ ತಯಾರಕನ ಹೆಸರಿನೊಂದಿಗೆ ವರ್ಷವೂ ಕಾಣುವುದುಂಟು. ಚಿತ್ರ ಆ ವರ್ಷಕ್ಕಿಂತ ಹಿಂದಿನದಲ್ಲವೆಂದು ಅದರಿಂದ ತಿಳಿಯುತ್ತದೆ. ಅದೇ ವರ್ಷದ್ದೆಂದು ಅಲ್ಲ. ತೈಲವರ್ಣವನ್ನು ತುಂಬಿಡುವ ತವರದ ಕೊಳವೆ ೧೮೪೧ರಲ್ಲಿ ಬಂದದ್ದು. ಟೈಟಾನಿಯಂ ಬಿಳಿ ಬಣ್ಣ ೧೯೨೦ರ ಸುಮಾರಿನ ನಂತರದ್ದು. ಟೇಲರ್ ಅವರದೆಂದು ಹೇಳುವ ಚಿತ್ರದ ಮೂಲ ಬಣ್ಣದಲ್ಲಿಯೇ ಈ ಬಿಳಿ ಕಂಡುಬಂದರೆ ಆ ಮಾತು ನಿಲ್ಲದು. ಚಿತ್ರದಲ್ಲಿ ಕಾಣುವ ವಸ್ತುಗಳೂ ಹೀಗೆಯೇ. ಗದಗ-ಹೋಟಗಿ ರೈಲುಮಾರ್ಗ ಬಂದದ್ದು ೧೮೮೪ರಲ್ಲಿ. ಜಿಲ್ಲೆಯ ಮುಖ್ಯಸ್ಥಳ ಕಲಾದಗಿಯಿಂದ ಬಿಜಾಪುರಕ್ಕೆ ಬಂದದ್ದು ೧೮೮೫ರಲ್ಲಿ. ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಬಿದ್ದದ್ದು ೧೯೬೪ರಲ್ಲಿ. ಬಿಜಾಪುರದ ದೃಶ್ಯದಲ್ಲಿ ರೈಲಿನ ಹೊಗೆ ಕಂಡರೆ ಅದು ೧೮೮೪ರ ಈಚಿನದು. ಹಿನ್ನೀರಿನಲ್ಲಿ ಮುಳುಗಿದ ದಂಡೆಯೊಂದನ್ನು ಬರೆದ ಚಿತ್ರವಾದರೆ ಅದರ ಕಾಲ ಮಾತ್ರವಲ್ಲ, ಅದರ ಬೆಲೆಯೂ ಬೇರೆಯಾಗುತ್ತದೆ. ಆ ದಂಡೆಯನ್ನು ಇನ್ನೊಮ್ಮೆ ನೋಡಲು ಬೇರೆ ದಾರಿ ಇಲ್ಲ.

ಮೂರನೆಯದು ಸ್ಥಳ. ಚಿತ್ರಕಾರ ಎಲ್ಲಿ ನಿಂತು ಬರೆದನೆಂಬುದನ್ನು ಹೋಗಿ ಕಂಡುಹಿಡಿಯಬೇಕು. ೧೮೫೬ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಹಂಪಿಯ ಛಾಯಾಚಿತ್ರಗಳನ್ನು ತೆಗೆದಿದ್ದರು. ೧೯೮೩ರಲ್ಲಿ ಜಾನ್ ಗೋಲಿಂಗ್ಸ್ ಎಂಬ ಛಾಯಾಗ್ರಾಹಕರು ಅದೇ ಸ್ಥಳಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಜೊತೆಗಿಟ್ಟಾಗ ನಡುವಣ ಕಾಲದಲ್ಲಿ ಬಿದ್ದದ್ದು ಯಾವುದು, ಉಳಿದದ್ದು ಯಾವುದು ಎಂಬುದು ಕಣ್ಣಿಗೆ ಕಟ್ಟುತ್ತದೆ. ವರ್ಣಚಿತ್ರಕ್ಕೂ ಇದೇ ಕ್ರಮ ಸಲ್ಲುತ್ತದೆ. ನಿಂತ ಸ್ಥಳವು ಯಾರದೋ ಮನೆಯ ಮಾಳಿಗೆಯೋ ಶಾಲೆಯ ಕಟ್ಟೆಯೋ ಆಗಿದ್ದರೆ, ಅಲ್ಲಿ ದಿನವೂ ಕೂಡುತ್ತಿದ್ದವನು ಯಾರೆಂಬ ಪ್ರಶ್ನೆಗೆ ಊರಲ್ಲಿಯೇ ಉತ್ತರವಿರುತ್ತದೆ.

ನಾಲ್ಕನೆಯದು ಹೋಲಿಕೆ. ವಚನವನ್ನು ಅಂಕಿತದಿಂದ ಗುರುತಿಸುವಂತೆ, ಅಂಕಿತವಿಲ್ಲದಲ್ಲಿ ಮಾತಿನ ವರಸೆಯಿಂದ ಊಹಿಸುವಂತೆ, ಚಿತ್ರಕಾರನನ್ನೂ ಅವನ ಕೈಯ ವರಸೆಯಿಂದ ಗುರುತಿಸಬಹುದು. ಕಿವಿ, ಬೆರಳು, ಗಿಡದ ಎಲೆ, ಬಟ್ಟೆಯ ಮಡಿಕೆ, ಇಂಥ ಸಣ್ಣ ಭಾಗಗಳಲ್ಲಿ ಚಿತ್ರಕಾರ ತನಗರಿಯದೆ ತನ್ನ ರೂಢಿಯನ್ನು ಬಿಟ್ಟುಕೊಡುತ್ತಾನೆ. ಆದರೆ ಮೂಲ ಚಿತ್ರವನ್ನು ಮೂಲದೊಡನೆಯೇ ಹೋಲಿಸಬೇಕು. ಕಲ್ಲಚ್ಚಿನ ಚಿತ್ರಗಳಲ್ಲಿ ಒಬ್ಬನು ಬರೆದದ್ದನ್ನು ಕಲ್ಲಿನ ಮೇಲೆ ಇನ್ನೊಬ್ಬನು ತಿದ್ದಿರುವುದು ಸಾಮಾನ್ಯ. ಅಲ್ಲಿ ಕಾಣುವ ಗೆರೆ ಎರಡನೆಯವನದಾಗಿರುತ್ತದೆ.

ಕೊನೆಯದು ಜನರ ನೆನಪು. ಹಿರಿಯರನ್ನು ಕೇಳುವಾಗ ‘ಇದನ್ನು ಇಂಥವರೇ ಬರೆದದ್ದಲ್ಲವೇ?’ ಎಂದು ಕೇಳಬಾರದು. ‘ಇದನ್ನು ಯಾರು ತಂದುಕೊಟ್ಟರು, ಯಾವಾಗ, ಅವರ ಮನೆಯಲ್ಲಿ ಇಂಥವು ಇನ್ನೂ ಇದ್ದವೇ?’ ಎಂದು ಕೇಳಬೇಕು. ನೆನಪಿನಲ್ಲಿ ಹೆಸರುಗಳು ರೂಪ ಬದಲಿಸುತ್ತವೆಂಬುದೂ ಗಮನದಲ್ಲಿರಬೇಕು. ಮೆಡೋಸ್ ಟೇಲರ್ ಅವರನ್ನು ಜನರು ‘ಮಹಾದೇವ ಬಾಬಾ’ ಎಂದು ಕೂಗುತ್ತಿದ್ದರು. ಮೆಡೋಸ್ ಎಂಬುದು ಮಹಾದೇವನಾದದ್ದು ತಿಳಿಯದವನು ಆ ಹೆಸರನ್ನು ಕೇಳಿ ಬೇರೆ ಯಾರನ್ನೋ ಹುಡುಕುತ್ತ ಹೋದಾನು.

ತಪ್ಪು ಹೆಸರಿನ ಅಪಾಯ

ಹೆಸರಿಲ್ಲದಿರುವುದಕ್ಕಿಂತ ತಪ್ಪು ಹೆಸರು ಹೆಚ್ಚು ಕೆಡುಕು ಮಾಡುತ್ತದೆ. ಮಠಗಳಲ್ಲಿರುವ ಚಿತ್ರದ ಕೆಳಗೆ ಬರೆದ ಹೆಸರು ಅನೇಕ ಸಲ ಚಿತ್ರಕಾರನದಲ್ಲ. ಅದನ್ನು ಭಕ್ತಿಯಿಂದ ಅರ್ಪಿಸಿದ ದಾನಿಯದು. ಕೆಲವೊಮ್ಮೆ ಅದು ಕಟ್ಟು ಹಾಕಿದ ಅಂಗಡಿಯವನದಾಗಿರುತ್ತದೆ. ದಾನಿಗಳ ಹೆಸರು ಉಳಿಯಬೇಕಾದದ್ದು ಯುಕ್ತವೇ. ಅದರ ಪಕ್ಕದಲ್ಲಿ ಬರೆದವನ ಹೆಸರೂ ಇರಬೇಕೆಂಬುದೇ ಇಲ್ಲಿನ ಆಶಯ. ಪ್ರಸಿದ್ಧರ ಹೆಸರನ್ನು ಅಂಟಿಸುವ ಆಸೆಯೂ ಸಹಜವಾದುದು. ಆದ್ದರಿಂದ ಬಲ್ಲವರು ಮೂರು ಬಗೆಯ ಮಾತನ್ನು ಬೇರೆ ಬೇರೆಯಾಗಿ ಬಳಸುತ್ತಾರೆ. ಲಿಖಿತ ಆಧಾರವಿದ್ದಲ್ಲಿ ‘ಇಂಥವರ ಕೃತಿ’; ಹೋಲಿಕೆ ಮತ್ತು ಸಂದರ್ಭ ಮಾತ್ರ ಇದ್ದಲ್ಲಿ ‘ಇಂಥವರದೆಂದು ಊಹಿಸಲಾಗಿದೆ’; ಎರಡೂ ಇಲ್ಲದಲ್ಲಿ ‘ಕರ್ತೃ ಅಜ್ಞಾತ’. ಅಜ್ಞಾತವೆಂದು ಬರೆಯುವುದರಲ್ಲಿ ಅವಮಾನವಿಲ್ಲ. ಮುಂದೆ ಹುಡುಕುವವನಿಗೆ ಅದು ತೆರೆದ ಬಾಗಿಲು.

ಶಾಲೆಗಳು ಮಾಡಬಹುದಾದ ಕೆಲಸ

ಹೆಸರುಗಳು ಬಹುತೇಕ ಅಳಿಯುವುದು ಅಲಕ್ಷ್ಯದಿಂದಲ್ಲ, ದುರಸ್ತಿಯಿಂದ. ಜಾತ್ರೆಗೋ ವಾರ್ಷಿಕೋತ್ಸವಕ್ಕೋ ಗೋಡೆಗೆ ಸುಣ್ಣ ಹಚ್ಚುವಾಗ ಹಳೆಯ ಚೌಕಟ್ಟು ತೆಗೆದು ಹೊಸದನ್ನು ಹಾಕಿಸುತ್ತಾರೆ. ಬೆನ್ನಿನ ಹಲಗೆ, ಚೀಟಿ, ಕಾಗದಗಳು ಕಸಕ್ಕೆ ಹೋಗುತ್ತವೆ. ಸದ್ಭಾವನೆಯಿಂದಲೇ ನಡೆಯುವ ಈ ಕೆಲಸದಲ್ಲಿ ಚಿತ್ರ ಹೊಳಪಾಗುತ್ತದೆ, ಚಿತ್ರಕಾರ ಕಾಣೆಯಾಗುತ್ತಾನೆ.

ಇದನ್ನು ತಡೆಯಲು ದೊಡ್ಡ ಹಣವಾಗಲಿ ತಜ್ಞತೆಯಾಗಲಿ ಬೇಕಿಲ್ಲ. ಚೌಕಟ್ಟು ಬಿಚ್ಚುವ ಮೊದಲು ಚಿತ್ರದ ಮುಂಭಾಗ ಮತ್ತು ಹಿಂಭಾಗ ಎರಡರ ಛಾಯಾಚಿತ್ರ ತೆಗೆಯಬೇಕು. ಬೆನ್ನಿನಲ್ಲಿ ದೊರೆತ ಪ್ರತಿಯೊಂದು ಚೂರನ್ನೂ ಲಕೋಟೆಯಲ್ಲಿಟ್ಟು ಚಿತ್ರದ ಸಂಖ್ಯೆ ಬರೆಯಬೇಕು. ಚಿತ್ರವನ್ನು ನೀರಿನಿಂದ ತೊಳೆಯುವುದು, ಆಲೂಗಡ್ಡೆಯ ಹೋಳಿನಿಂದ ಉಜ್ಜುವುದು, ವಾರ್ನಿಶ್ ಬಳಿಯುವುದು ಸಲ್ಲದು. ಒಂದು ದಫ್ತರದಲ್ಲಿ ಚಿತ್ರದ ಅಳತೆ, ವಸ್ತು, ಬರಹ, ಕೊಟ್ಟವರು, ಕೇಳಿ ತಿಳಿದದ್ದು, ಹೇಳಿದವರ ಹೆಸರು ಮತ್ತು ದಿನಾಂಕ ಇವನ್ನು ನಮೂದಿಸಬೇಕು. ಶಾಲೆಯ ಹಳೆಯ ಹಾಜರಿ ಪುಸ್ತಕ, ಶಿಕ್ಷಕರ ಪಗಾರ ಪಟ್ಟಿ, ಡ್ರಾಯಿಂಗ್ ಪರೀಕ್ಷೆಯ ಯಾದಿ ಇವನ್ನು ರದ್ದಿಗೆ ಹಾಕದೆ ಕಾಪಾಡಬೇಕು. ಅಲ್ಲಿರುವ ಒಂದು ಮೋಡಿ ಸಹಿಯೇ ಚಿತ್ರದ ಬೆನ್ನಿನ ಸಹಿಗೆ ಹೊಂದಬಹುದು. ಹಳೆಯ ವಿದ್ಯಾರ್ಥಿಗಳು ತಮ್ಮ ಮನೆಗಳಲ್ಲಿರುವ ಚಿತ್ರಗಳ ವಿವರವನ್ನು ಶಾಲೆಗೆ ಬರೆದು ಕಳಿಸಿದರೆ ಹೋಲಿಕೆಗೆ ಬೇಕಾದ ಸಾಮಗ್ರಿ ತಾನಾಗಿಯೇ ಬೆಳೆಯುತ್ತದೆ.

ಈ ಬಗೆಯ ಕಾರ್ಯಕ್ಕೆ ಆದರ್ಶವನ್ನು ಹೊರಗೆ ಹುಡುಕಬೇಕಾಗಿಲ್ಲ. ಇದೇ ವಿಜಯಪುರದಲ್ಲಿ ವಕೀಲರಾಗಿದ್ದ ಡಾ. ಫ. ಗು. ಹಳಕಟ್ಟಿಯವರು ಮನೆಮನೆಗೆ ಹೋಗಿ ತಾಳೆಯೋಲೆಗಳನ್ನು ಕಲೆಹಾಕಿ ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದರು. ಅಟ್ಟದ ಮೇಲೆ ಧೂಳು ತಿನ್ನುತ್ತಿದ್ದ ಕಟ್ಟುಗಳಿಂದ ನೂರಾರು ಶರಣರ ಹೆಸರುಗಳು ಮತ್ತೆ ನಾಡಿನ ನಾಲಿಗೆಯ ಮೇಲೆ ಬಂದವು. ಓಲೆಯನ್ನು ನಕಲು ಮಾಡಿದ ಲಿಪಿಕಾರನಾದರೂ ಕೊನೆಯಲ್ಲಿ ತನ್ನ ಹೆಸರು, ಊರು, ತಿಥಿಗಳನ್ನು ಬರೆಯುವ ವಾಡಿಕೆ ಇತ್ತು. ಚಿತ್ರ ಬರೆದವನು ಅಷ್ಟನ್ನೂ ಬರೆಯಲಿಲ್ಲ. ಅವನ ಪರವಾಗಿ ಅದನ್ನು ಬರೆಯುವ ಹೊಣೆ ಚಿತ್ರವನ್ನು ಇಟ್ಟುಕೊಂಡವರದು. ಡ್ರಾಯಿಂಗ್ ಮಾಸ್ತರರನ್ನು ಕಣ್ಣಾರೆ ಕಂಡ, ಅವರ ಕೈಯ ಬಣ್ಣದ ತಟ್ಟೆಯನ್ನು ತೊಳೆದುಕೊಟ್ಟ ವಿದ್ಯಾರ್ಥಿಗಳು ಇಂದು ವೃದ್ಧರಾಗಿ ಊರೂರುಗಳಲ್ಲಿ ಇದ್ದಾರೆ. ಅವರನ್ನು ಕೇಳುವ ಕೆಲಸ ಮುಂದಿನ ವರ್ಷಕ್ಕೆ ಎತ್ತಿಡುವಂಥದ್ದಲ್ಲ.